ಬುಧವಾರ ರಾತ್ರಿಯ ಬತ್ತಿ

ಕೆಸೊನಕ್ಕನ ಮೇಣದಬತ್ತಿ ಇಲ್ಲದಿದ್ದರೆ ನನ್ನ ತೆಂಗಿನ ತಿಂಡಿಯನ್ನು ಲಂಪಾಂಗಿನ ಸಂತೆಯಲ್ಲಿ ನಾಯಿಯೂ ಮೂಸುವುದಿಲ್ಲ. ತಿಂಡಿಯನ್ನು ಜಾಡಿಯಲ್ಲಿ ಜೋಡಿಸಿ, ನಡುವೆ ಅವಳ ಬತ್ತಿ ಹಚ್ಚಿ ಆರಿಸಿ, ತಟ್ಟನೆ ಮುಚ್ಚಳ ಮುಚ್ಚಿದರೆ ಸಾಕು, ಹೊಗೆಯ ಘಮವೆಲ್ಲ ತಿಂಡಿಗೆ ಇಳಿಯುತ್ತದೆ. ಹಾಗಾಗಿ ನದಿ ದಂಡೆಯ ಅವಳ ಮನೆಗೆ ಆಗಾಗ ಹೋಗುತ್ತೇನೆ, ಬೈಸಿಕೊಂಡು ಬರುತ್ತೇನೆ.

ಅವಳ ಮಡಿ ಅಂಥದ್ದು. ಅಂಗಡಿಯ ಬಿಳಿ ಮೇಣ ಅವಳ ಹೊಸ್ತಿಲು ದಾಟುವಂತಿಲ್ಲ. ಕಾಡಿನ ಜೇನುಮೇಣವೇ ಆಗಬೇಕು. ಸೀಸೆಯ ಸೆಂಟು ಕಂಡರೆ ಮೂಗು ಮುರಿಯುತ್ತಾಳೆ. ಸಾಂಬ್ರಾಣಿ, ಗಂಧದ ಪುಡಿ, ಒಣಗಿಸಿದ ನಿಂಬೆಸಿಪ್ಪೆ, ಒಂದು ಚೂರು ತಾಳೆಬೆಲ್ಲ, ಎಲ್ಲವನ್ನೂ ಮೂಸಿ ಮೂಸಿಯೇ ಹಾಕುತ್ತಾಳೆ. ನಮ್ಮ ಕಡೆ ಹುಟ್ಟಿದ ವಾರಕ್ಕೊಂದು ಗ್ರಹ, ಒಂದು ಬಣ್ಣ. ಆ ವಾರ ಕೇಳಿ ಬತ್ತಿ ಮಾಡುವವರು ನಮ್ಮೂರಲ್ಲಿ ಬೇರೆಯವರೂ ಇದ್ದಾರೆ, ಆದರೆ ಅವರದು ಬರೀ ಬಣ್ಣದ ಲೆಕ್ಕ. ಕೆಸೊನಕ್ಕ ಹಾಗಲ್ಲ. ಭಾನುವಾರದವರು ಸಿಡುಕರಾದರೆ ಕೆಂಪು ಮೇಣಕ್ಕೆ ನಿಂಬೆ ಹೆಚ್ಚು ಹಾಕಿ ತಂಪು ಮಾಡುತ್ತಾಳೆ. ಅಳುಬುರುಕ ಸೋಮವಾರದವರ ಹಳದಿಗೆ ಮಲ್ಲಿಗೆಯ ಜೊತೆ ಒಂದಿಷ್ಟು ಶುಂಠಿ. "ಗ್ರಹ ಯಾವ್ದಾದ್ರೂ ಇರ್ಲಿ ಕಣೇ, ಮೂಗು ಮನುಷ್ಯರದ್ದು" ಎನ್ನುತ್ತಾಳೆ.

ಇಷ್ಟೆಲ್ಲ ಮಾಡುವವಳು ತನಗೆಂದು ಒಂದು ಬತ್ತಿಯನ್ನೂ ಮಾಡಿಕೊಂಡವಳಲ್ಲ. ನಮ್ಮಲ್ಲಿ ಬುಧವಾರ ಒಂದಲ್ಲ, ಎರಡು. ಹೊತ್ತು ಮುಳುಗುವವರೆಗೆ ಬುಧನದು, ಹಸಿರು. ಆಮೇಲೆ ರಾಹುವಿನದು, ಕಪ್ಪು. ಕೆಸೊನಕ್ಕ ಹುಟ್ಟಿದ್ದು ಕತ್ತಲಲ್ಲಿ ಎಂದು ಊರಿಗೆಲ್ಲ ಗೊತ್ತು. ನಿಶ್ಚಯವಾಗಿದ್ದ ಮದುವೆಯೂ ಅದಕ್ಕೇ ಮುರಿದುಬಿತ್ತು. ಬಾಣಂತಿಯರ ಮನೆಗೆ ಬತ್ತಿ ಕಳಿಸುತ್ತಾಳೆಯೇ ಹೊರತು ತಾನು ಹೋಗುವುದಿಲ್ಲ, ಕೂಸನ್ನು ಎತ್ತಿಕೊಳ್ಳುವುದಿಲ್ಲ. ಬುಧವಾರ ರಾತ್ರಿಯವರು ಯಾರಾದರೂ ಬತ್ತಿ ಕೇಳಿದರೆ ತಳದಲ್ಲಿ ಉಳಿದ ಮೇಣವನ್ನೆಲ್ಲ ಕಲಸಿ, ಮಸಿ ಬೆರೆಸಿ ಕೊಡುವಳು. ಹೂವಿಲ್ಲ, ಗಂಧವಿಲ್ಲ. ಮೇಣದಲ್ಲಿ ಅಷ್ಟು ಮಡಿಯವಳು ಹೀಗೆ ಮಾಡುವುದನ್ನು ಕಂಡು ನನಗೆ ಸಂಕಟವಾಗುತ್ತಿತ್ತು.

ಈಚೆಗೆ ಬ್ಯಾಂಕಾಕಿನ ಅಂಗಡಿಯ ಹುಡುಗಿಯೊಬ್ಬಳು ಬಂದಳು. ಎಂಟು ಬಗೆಯ ಬತ್ತಿ ಬೇಕಂತೆ, ಪೆಟ್ಟಿಗೆಯ ಮೇಲೆ 'ನಿನ್ನನ್ನು ನೀನು ಪ್ರೀತಿಸು' ಎಂದು ಬರೆಸುತ್ತಾಳಂತೆ. ನಾನೂ ಅಲ್ಲೇ ಇದ್ದೆ. ಕೆಸೊನಕ್ಕನ ತಾಯಿ ಚಂತಜ್ಜಿ ಮೂಲೆಯಲ್ಲಿ ಕೂತು ನಿಂಬೆಸಿಪ್ಪೆ ಹೆರೆಯುತ್ತಿದ್ದಳು. ಹುಡುಗಿ ಒಂದೊಂದೇ ಮೂಸುತ್ತ ಕಪ್ಪು ಬತ್ತಿಯ ಹತ್ತಿರ ಬಂದು ನಿಂತಳು.

"ಇದ್ರಲ್ಲಿ ಏನೂ ಇಲ್ವಲ್ಲ, ಚಿಕ್ಕಮ್ಮ?"

"ರಾಹುಗೆ ಅಷ್ಟೇ ಸಾಕಮ್ಮ."

"ನಾನೂ ಬುಧವಾರ ರಾತ್ರಿಯವಳೇ. ನಮಗೆ ಮೂಗಿಲ್ವಾ?"

ಕೆಸೊನಕ್ಕ ನಕ್ಕುಬಿಟ್ಟಳು. "ನಾನೂ ಅವತ್ತಿನವಳೇ ಕಣಮ್ಮ. ನಮ್ಮಂಥೋರಿಗೆ ಪರಿಮಳ ಹಾಕಿದ್ರೆ ದಂಡ."

ಆಗ ಮೂಲೆಯಿಂದ ಚಂತಜ್ಜಿ ತಲೆ ಎತ್ತದೆಯೇ ಹೇಳಿದಳು. "ನೀನ್ಯಾಕೆ ರಾತ್ರಿಯವಳಾಗ್ತೀಯೇ? ನೀನು ಹುಟ್ಟಿದಾಗ ಭಿಕ್ಷುಗಳು ಪಾತ್ರೆ ಹಿಡ್ಕೊಂಡು ಬಾಗಿಲಲ್ಲೇ ನಿಂತಿದ್ರು. ಬಿಸಿಲು ಬಿದ್ದಿತ್ತು."

ಮುದುಕಿಗೆ ಅರಳುಮರಳೇ ಎಂದುಕೊಂಡೆ. ಕೆಸೊನಕ್ಕನ ಕೈಯಲ್ಲಿದ್ದ ಸೌಟಿನಿಂದ ಬಿಸಿ ಮೇಣ ಕಾಲ ಮೇಲೆ ಸುರಿಯಿತು, ಅವಳಿಗೆ ಅದು ತಿಳಿಯಲೇ ಇಲ್ಲ.

"ಅಮ್ಮಾ, ಏನು ಹೇಳ್ತಿದ್ದೀ?"

"ಮತ್ತಿನ್ನೇನು! ನಿಮ್ಮಪ್ಪನ ಅಕ್ಕ ಪ್ರಯೂನ್‌ಗೆ ಮಕ್ಕಳಿರ್ಲಿಲ್ಲ. ಬುಧವಾರ ಹಗಲಲ್ಲಿ ಹುಟ್ಟಿದ ಕೂಸು ತಂದುಕೋ, ಮನೆ ಬೆಳಗುತ್ತೆ ಅಂತ ಜೋಯಿಸ ಹೇಳಿದ್ನಂತೆ. ರಾಹುವಿನದು ಮಾತ್ರ ಬೇಡವೇ ಬೇಡ ಅಂದಿದ್ನಂತೆ. ನಿಮ್ಮಪ್ಪ ಕೊಡ್ತೀನಿ ಅಂತ ಒಪ್ಪಿಬಿಟ್ಟಿದ್ದ. ಅವನು ಕಾಡಿನ ಕೆಲಸದಿಂದ ಬಂದಿದ್ದೇ ಮಾರನೇ ದಿನ. ಕತ್ತಲಾದ ಮೇಲೆ ಹುಟ್ತು ಅಂದುಬಿಟ್ಟೆ. ಸೂಲಗಿತ್ತಿ ಪುಣ್ಯಾತ್ಗಿತ್ತಿ, ಬಾಯಿ ಬಿಡ್ಲಿಲ್ಲ. ಹುಟ್ಟಿದ ಹೊತ್ತನ್ನ ಆಗ ಯಾರು ಬರೆಸ್ತಿದ್ರು?"

"ನನ್ನ ಮದುವೆ ಮುರಿದಾಗ್ಲಾದ್ರೂ ಹೇಳ್ಬಾರ್ದಿತ್ತಾ?"

"ಪ್ರಯೂನ್ ಇನ್ನೂ ಇದ್ಳಲ್ಲ, ಸುಳ್ಳು ಅಂತ ತಿಳಿದ್ರೆ ಬಿಡ್ತಿದ್ಳಾ? ಅಲ್ದೆ ಆ ಹುಡುಗ ಕುಡೀತಿದ್ದ. ಹಾಳಾಗ್ಹೋಗ್ಲಿ ಅಂತ ಸುಮ್ಮನಾದೆ."

"ಅವಳು ಸತ್ತು ಎಷ್ಟು ಕಾಲ ಆಯ್ತು!"

ಚಂತಜ್ಜಿ ಚಾಕು ಕೆಳಗಿಟ್ಟು ಮಗಳ ಮುಖ ನೋಡಿದಳು. "ಆಮೇಲೆ ಮರೆತೇ ಹೋಯ್ತು ಕಣೇ."

ಮರೆತೇ ಹೋಯಿತಂತೆ! ಒಬ್ಬಳು ಹೆಣ್ಣು ಇಡೀ ಆಯುಷ್ಯ ತಲೆ ತಗ್ಗಿಸಿಕೊಂಡು ಕಳೆದಳು, ಹೆತ್ತವಳಿಗೆ ಅದು ಮರೆತುಹೋಯಿತು. ನನಗೆ ಸಿಟ್ಟೇ, ಅಳುವೇ, ಏನೊಂದೂ ತಿಳಿಯಲಿಲ್ಲ. ಕೆಸೊನಕ್ಕ ಒಲೆ ಆರಿಸಿ, ಕುಂಟುತ್ತ ನದಿಯ ಕಡೆ ಹೊರಟುಹೋದಳು.

ಆಮೇಲೆ ದಿನಾ ತಾಯಿಗೆ ಅನ್ನ ಬಡಿಸಿದಳು, ಮಾತಾಡಲಿಲ್ಲ. ನಾನು ಹೋದರೆ ನನಗೂ ಹೂಂ, ಊಹೂಂ ಅಷ್ಟೆ. ಕೊನೆಗೊಂದು ಬೆಳಿಗ್ಗೆ ಓಣಿಯ ತಿರುವಿಗೇ ಘಮ ಮೂಗಿಗೆ ಬಡಿಯಿತು. ಎದ್ದೆನೋ ಬಿದ್ದೆನೋ ಎಂದು ಓಡಿದೆ. ಬಾಣಲೆಯಲ್ಲಿ ಹೊಸ ಜೇನುಮೇಣ ಕರಗುತ್ತಿತ್ತು. ಆರಿಸಿಟ್ಟ ಸಾಂಬ್ರಾಣಿ ಹರಳು, ಗಂಧ, ಬುಟ್ಟಿ ತುಂಬ ಮಲ್ಲಿಗೆ. ಹಸಿರು ಬಣ್ಣ ಎಲ್ಲಿ ಎಂದು ನೋಡಿದರೆ, ಬಟ್ಟಲಲ್ಲಿ ಸುಟ್ಟ ತೆಂಗಿನ ಚಿಪ್ಪಿನ ಪುಡಿಯನ್ನು ಕಾಡಿಗೆಯಷ್ಟು ನುಣ್ಣಗೆ ಅರೆದಿಟ್ಟಿದ್ದಳು.

"ಅಂಗಡಿಯವಳಿಗಾ?"

"ಅವಳಿಗೂ ಹೋಗುತ್ತೆ. ಮೊದಲನೇದು ನಂಗೆ."

ಚಂತಜ್ಜಿ ಮೂಲೆಯಿಂದ ಗೊಣಗಿದಳು. "ಅಷ್ಟೊಂದು ಮಲ್ಲಿಗೇನ ಕಪ್ಪಿಗೆ ಯಾಕೆ ದಂಡ ಮಾಡ್ತೀಯೇ?"

"ನಂಗೇ ತಾನೇ ಹಾಕ್ಕೊಳ್ತಿರೋದು, ದಂಡ ಹೇಗಾಗುತ್ತೆ?" ಅಷ್ಟು ದಿನಗಳಲ್ಲಿ ತಾಯಿಗೆ ಅವಳಾಡಿದ ಮೊದಲ ಮಾತು ಅದು.

ನನಗೆ ತಡೆಯಲಾಗಲಿಲ್ಲ. "ಅಲ್ಲ ಕೆಸೊನಕ್ಕ, ನೀನು ಹಗಲಿನವಳು ಅಂತ ಗೊತ್ತಾಯ್ತಲ್ಲ. ಹಸಿರು ಬಿಟ್ಟು ಮತ್ತೆ ಕಪ್ಪು ಯಾಕೆ? ಅಮ್ಮನ ಮೇಲಿನ ಸಿಟ್ಟಿಗಾ?"

"ಸಿಟ್ಟು ಇದೆ. ಅದೇನು ಬೇಗ ಹೋಗೋದಲ್ಲ." ಅವಳು ಅಚ್ಚಿಗೆ ಮೇಣ ಹೊಯ್ದಳು. "ಹಗಲಿನವಳು ಅನ್ನಿಸ್ಕೊಂಡಿದ್ರೆ ಆ ಪ್ರಯೂನ್ ಮನೇಲಿ ಬೆಳೀತಿದ್ದೆ ಕಣೇ. ರಾತ್ರಿಯವಳಾಗಿದ್ದಕ್ಕೇ ನಮ್ಮಮ್ಮನ ಹತ್ರ ಉಳಿದೆ."