ತಾಸಿನವರ ಚನ್ನವೀರನ ಗಂಟೆ ಮತ್ತು ಕಾಲವಿಲ್ಲದ ದೇವರು

ಧಾರವಾಡದ ಕಚೇರಿಯಲ್ಲಿ ತಾಸು ಬಡಿಯುತ್ತಿದ್ದ ಶಿವಪ್ಪ, ಅವನ ಮಗ ಶಿವಪುತ್ರಪ್ಪ, ಅವನ ಮಗ ಬಸಲಿಂಗಪ್ಪ, ಅವನ ಮಗ ನಮ್ಮ ಚನ್ನವೀರ. ನಾಲ್ಕು ತಲೆಮಾರಿನಿಂದ ಈ ಮನೆಯವರು ಮಂದಿಗೆ ಹೊತ್ತು ತಿಳಿಸಿಯೇ ಹೊಟ್ಟೆ ಹೊರೆದವರು. ಅಡ್ಡಹೆಸರೂ ತಾಸಿನವರ ಎಂದೇ ಆಯಿತು.

ಮುತ್ತಜ್ಜ ಶಿವಪ್ಪ ಹಸಿವು ತಡೆಯದ ಮನುಷ್ಯ. ಒಂದು ದಿನ ಹನ್ನೊಂದಕ್ಕೇ ಹನ್ನೆರಡು ಬಡಿದುಬಿಟ್ಟ. ಗುಮಾಸ್ತರು ಬುತ್ತಿ ಬಿಚ್ಚಿದರು, ಕಟ್ಟೆಯ ಮೇಲಿದ್ದ ಕಕ್ಷಿದಾರರು ರೊಟ್ಟಿ ಮುರಿದರು, ಕೊನೆಗೆ ಸಾಹೇಬನೇ ಕಿಸೆಯ ಗಡಿಯಾರ ತೆಗೆದು ಮುಳ್ಳನ್ನು ಒಂದು ತಾಸು ಮುಂದೆ ತಿರುಗಿಸಿಕೊಂಡನಂತೆ. ಅಜ್ಜ ಶಿವಪುತ್ರಪ್ಪ ಬೆಳಗಾವಿ ಕಡೆಯ ಸಾಲೆಯೊಂದರಲ್ಲಿ ಗಂಟೆಯವ. ಊರ ಮದುವೆಯಲ್ಲಿ ಬೀಗರಿಬ್ಬರ ಕಡೆಯವರು ಬಡಿದಾಟಕ್ಕೆ ನಿಂತಾಗ, ಸಾಲೆಗೆ ಓಡಿಹೋಗಿ ಗಂಟೆ ತಂದು, ಮನೆಗೆ ಬಿಡುವ ಗಂಟೆ ಬಾರಿಸಿದ. ಎರಡೂ ಕಡೆಯವರು ಆ ಸಾಲೆಯಲ್ಲೇ ಕಲಿತವರು. ಎತ್ತಿದ ಕೈ ಇಳಿಸಿ, ಚೀಲ ಹುಡುಕುತ್ತ ಮನೆಯ ದಾರಿ ಹಿಡಿದರು.

ಅಪ್ಪ ಬಸಲಿಂಗಪ್ಪ ಬಾರಾಮತಿ ಸೀಮೆಯ ಸಕ್ಕರೆ ಕಾರ್ಖಾನೆಯೊಂದರಲ್ಲಿ ಪಾಳಿ ಬದಲಾಗುವ ಹೊತ್ತಿಗೆ ಭೋಂಗಾ ಎಂಬ ಕಬ್ಬಿಣದ ಕೊಂಬು ಊದಿಸುತ್ತಿದ್ದ. ತನ್ನ ಮದುವೆಯ ದಿನವೂ ಬಾಸಿಂಗ ಕಟ್ಟಿಕೊಂಡೇ ಸೈಕಲ್ ಏರಿ ಹೋಗಿ, ಭೋಂಗಾ ಊದಿಸಿ, ಬಂದು ತಾಳಿ ಕಟ್ಟಿದ. ಅವನ ಹೆಂಡತಿ ಬಸವಣ್ಣೆವ್ವ ಸಾಯುವ ತನಕ "ನನ್ನ ಸವತಿ ಕಬ್ಬಿಣದಾಕಿ" ಎನ್ನುತ್ತಿದ್ದಳು.

ಇಂಥ ಬಳ್ಳಿಯ ಕಾಯಿ ಚನ್ನವೀರ. ಪುಣೆಯ ಸದಾಶಿವ ಪೇಠೆಯ ಓಣಿಯೊಳಗಿರುವ ಧರ್ಮತತ್ತ್ವ ಕೇಂದ್ರದಲ್ಲಿ ಮೂವತ್ತೊಂದು ವರ್ಷದಿಂದ ಶಿಪಾಯಿ, ಅಂದರೆ ಜವಾನ. ಅಲ್ಲಿ ನಡೆಯುವ ಕೆಲಸವೆಂದರೆ ದೇವರು ಇದ್ದಾನೋ ಇಲ್ಲವೋ, ಇದ್ದರೆ ಎಂಥವನು ಎಂದು ಓದಿದವರು ಕೂಡಿ ತರ್ಕ ಮಾಡುವುದು. ಈ ವರ್ಷ ಹಂಗೇರಿ ದೇಶದಿಂದ ಐವರು ಪಂಡಿತರು ಇಲ್ಲಿಗೆ, ಮುಂದಿನ ವರ್ಷ ಇಲ್ಲಿಂದ ಐವರು ಅಲ್ಲಿಗೆ, ಹೀಗೆ ಬೀಗರ ಹಾಗೆ ಹೋಗಿಬರುವ ಏರ್ಪಾಡೂ ಇದೆ. ದೇವರ ವಿಚಾರ ಏನೇ ಆಗಲಿ, ಒಬ್ಬೊಬ್ಬರಿಗೆ ಇಪ್ಪತ್ತೇ ನಿಮಿಷ. ಹದಿನೈದಕ್ಕೆ ಒಂದು ಪೆಟ್ಟು, ಇಪ್ಪತ್ತಕ್ಕೆ ಎರಡು ಪೆಟ್ಟು. ಆ ಹಿತ್ತಾಳೆಯ ಗಂಟೆ ಚನ್ನವೀರನ ಕೈಯಲ್ಲಿ.

ಇಂಗ್ಲಿಷ್ ಕಲಿಯದಿದ್ದರೂ ಪಂಡಿತರ ಇಂಗ್ಲಿಷನ್ನು ಅವನು ಅಳೆದಿಟ್ಟಿದ್ದ. "ಲಾಸ್ಟ್‌ಲಿ" ಅಂದರೆ ಇನ್ನೂ ಹತ್ತು ನಿಮಿಷ. "ಇನ್ ಕನ್‌ಕ್ಲೂಜನ್" ಅಂದರೆ ಹದಿನೈದು. "ಒಂದೇ ಒಂದು ಮಾತು" ಅಂದರೆ ಊಟದ ಅನ್ನ ಆರಿತು ಎಂದೇ ಲೆಕ್ಕ.

ಹೋದ ವರ್ಷ ಹಾಗೇ ಆಗಿತ್ತು. ಊಟ ಮೂರಕ್ಕೆ ಹೋಗಿ, ಒಬ್ಬ ವೃದ್ಧ ಪಂಡಿತರು ಪರಬ್ರಹ್ಮದ ನಡುವೆಯೇ ತಲೆತಿರುಗಿ ಬಿದ್ದಿದ್ದರು. ಅದನ್ನು ಕೇಳಿದ ಹಂಗೇರಿಯವರು ಈ ಸಲ ಒಂದು ಯಂತ್ರವನ್ನೇ ಉಡುಗೊರೆ ತಂದರು. ಹಸಿರು, ಹಳದಿ, ಕೆಂಪು, ಹೊತ್ತು ಮುಗಿದುದನ್ನು ತೋರಿಸುವ ಮೂರು ದೀಪದ ಪೆಟ್ಟಿಗೆ.

ಕೇಂದ್ರದ ನಿರ್ದೇಶಕರು ಬಿಂದುಮಾಧವರಾಯರು. ಅವರೂ ಧಾರವಾಡದವರೇ. ಬೆಳಿಗ್ಗೆ ಆ ಪೆಟ್ಟಿಗೆಯನ್ನು ತೊಡೆಯ ಮೇಲೆ ಕೂಸಿನ ಹಾಗೆ ಇಟ್ಟುಕೊಂಡು ಚನ್ನವೀರನನ್ನು ಕರೆದರು.

"ಚನ್ನವೀರಪ್ಪ, ಖರೇ ಹೇಳ್ತೀನಿ, ಸಿಟ್ಟಾಗಬ್ಯಾಡ. ಇವತ್ತ ಒಂದು ಹೊಡದು ಐದು ನಿಮಿಷದಾಗ ಮಂದಿ ಊಟಕ್ಕ ಎದ್ದರ, ಗಂಟಿ ನಿಂದು. ಏಳಲಿಲ್ಲಂದ್ರ ನಾಳಿಂದ ಈ ದೀಪ ಟೇಬಲ್ ಮ್ಯಾಲೆ, ಗಂಟಿ ಕಪಾಟಿನಾಗ."

"ಕಪಾಟಿನಾಗ ನನ್ನೂ ಇಡ್ತೀರೇನ್ರಿ ಸಾಹೇಬ್ರ?"

"ನೀ ಹಿಡಸಂಗಿಲ್ಲೋ ಮಾರಾಯಾ."

ಚನ್ನವೀರ ನಕ್ಕ. ಆದರೆ ಹೊರಗೆ ಬಂದವನೇ ಗಂಟೆಯನ್ನು ತಿಕ್ಕಿ ಬೆಳಗಿದ. ಮುತ್ತಜ್ಜ ಸಾಹೇಬನ ಗಡಿಯಾರ ತಿರುಗಿಸಿದ ಮನೆತನ ಒಂದು ಕೆಂಪು ದೀಪಕ್ಕೆ ಸೋಲುವುದೇ?

ಅದೇ ಬೆಳಿಗ್ಗೆ, ಸಭೆಗೆ ಮುಂಚೆ, ಧಾರವಾಡ ಕಡೆಯವಳೇ ಆದ ಕೇಂದ್ರದ ಅಧ್ಯಾಪಕಿ ನೀಲಿಮಾ ಹಂಗೇರಿಯ ಹಿರಿಯ ಪಂಡಿತ ಲಾಸ್ಲೋ ಅವರನ್ನು ಓಣಿಯ ಗಣಪತಿ ಗುಡಿಗೆ ಕರೆದೊಯ್ದಿದ್ದಳು. ಚಪ್ಪಲಿ ಕಾಯುವುದಕ್ಕೆ ಚನ್ನವೀರನೂ ಹೋಗಿದ್ದ. ಲಾಸ್ಲೋ ಆರೂವರೆ ಅಡಿಯ ಆಳು. ಅವರ ಬೂಟಿನಲ್ಲಿ ಬೆಕ್ಕು ಮರಿ ಹಾಕಬಹುದಿತ್ತು. ಗುಡಿಯಲ್ಲಿ ನೀಲಿಮಾ ಒಂದೊಂದೇ ಹೇಳಿಕೊಟ್ಟಳು. ಗಂಟೆ ಬಾರಿಸಿದಾಗ ಕೈಮುಗಿದು ಬಾಗಬೇಕು, ದೇವರ ಗಮನ ನಮ್ಮ ಕಡೆ ಬಂತೆಂದು ಅರ್ಥ. ಬಿಡದೆ ಬಾರಿಸಿದರೆ ಮಂಗಳಾರತಿ. ಆಮೇಲೆ ಬಲಗೈಯೊಡ್ಡಿ ಪ್ರಸಾದ ತಗೊಂಡು, ಮಾತಾಡದೆ ಬಾಯಿಗೆ ಹಾಕಿಕೊಂಡು, ಹಿಂದಿನವರಿಗೆ ಜಾಗ ಬಿಡಬೇಕು. ಲಾಸ್ಲೋ ಎಲ್ಲವನ್ನೂ ಪುಸ್ತಕದಲ್ಲಿ ಬರೆದುಕೊಂಡು, ಮೂರು ಸಲ ಮಾಡಿ ಕಲಿತರು. ಪ್ರಸಾದಕ್ಕೂ ಮೂರು ಸಲ ಕೈಯೊಡ್ಡಿದರು.

ಹನ್ನೆರಡೂ ನಲವತ್ತಕ್ಕೆ ಅವರದೇ ಪ್ರಬಂಧ, ಊಟಕ್ಕೆ ಮುಂಚಿನ ಕೊನೆಯದು. ವಿಷಯ, ದೇವರು ಕಾಲದ ಒಳಗಿದ್ದಾನೋ ಹೊರಗಿದ್ದಾನೋ. ಹೊರಗೇ ಇದ್ದಾನೆ, ಅವನಿಗೆ ನಿನ್ನೆಯಿಲ್ಲ ನಾಳೆಯಿಲ್ಲ ಎಂಬುದು ಲಾಸ್ಲೋ ವಾದ. ಸಭಿಕರೆಲ್ಲ ಪಿಂಚಣಿಯವರು, ಕಿಸೆಯಲ್ಲಿ ಊಟದ ಚೀಟಿ ಇಟ್ಟುಕೊಂಡವರು. ಅಧ್ಯಕ್ಷಪೀಠದಲ್ಲಿ ಮಧುಕರರಾವ್ ಎಂಬ ಎಂಬತ್ತರ ಪ್ರಾಧ್ಯಾಪಕರು ಆಗಲೇ ಕಾಲದ ಹೊರಗೆ ಹೋಗಿ ಗೊರಕೆ ಹೊಡೆಯುತ್ತಿದ್ದರು.

ಹನ್ನೆರಡೂ ಐವತ್ತೈದು. ಚನ್ನವೀರ ಒಂದು ಪೆಟ್ಟು ಹೊಡೆದ.

ಲಾಸ್ಲೋ ಥಟ್ಟನೆ ನಿಂತರು. ಗಂಟೆಯ ಕಡೆ ತಿರುಗಿ, ಕೈಮುಗಿದು, ಸೊಂಟದ ತನಕ ಬಾಗಿದರು. ಆಮೇಲೆ ಮುಖವರಳಿಸಿ, ಮೊದಲಿಗಿಂತ ಗಟ್ಟಿದನಿಯಲ್ಲಿ ಓದತೊಡಗಿದರು.

ಚನ್ನವೀರ ಗಂಟೆಯನ್ನು ತಿರುಗಿಸಿ ನೋಡಿದ. ನಾಲಿಗೆ ಸರಿಯಾಗಿಯೇ ಇತ್ತು.

ಗೋಡೆಯ ಗಡಿಯಾರ ಒಂದು ಹೊಡೆಯಿತು. ಎರಡು ಪೆಟ್ಟು. ಈ ಸಲ ಲಾಸ್ಲೋ ನೆಲಕ್ಕೆ ಹಣೆ ಮುಟ್ಟುವಷ್ಟು ಬಾಗಿ ಎದ್ದು, ಕಣ್ಣೊರೆಸಿಕೊಂಡು, ಹಾಳೆಗಳನ್ನೆಲ್ಲ ಒಟ್ಟುಮಾಡಿ ಒಂದನೆಯ ಪುಟದಿಂದ ಪುನಃ ಶುರುಮಾಡಿದರು. ದೇವರು ಈಗ ಬಂದು ಕೂತಿದ್ದಾನೆ, ಪಾಪ, ಮೊದಲಿನ ಭಾಗ ಅವನಿಗೆ ತಪ್ಪಿಹೋಗಿದೆಯಲ್ಲ!

ಸಭೆಯಲ್ಲಿ ನರಳಾಟವೆದ್ದಿತು. ಬಿಂದುಮಾಧವರಾಯರು "ದಯವಿಟ್ಟು ಮುಗಿಸಿ" ಎಂದು ಚೀಟಿ ಬರೆದು, ಮಡಚಿ ಕಳಿಸಿದರು. ಲಾಸ್ಲೋ ಅದನ್ನು ಕುಂಕುಮದ ಪೊಟ್ಟಣವೆಂಬಂತೆ ಕಣ್ಣಿಗೊತ್ತಿಕೊಂಡು, ಬಿಚ್ಚದೆ ಎದೆಯ ಕಿಸೆಯಲ್ಲಿಟ್ಟರು. ರಾಯರು ಚನ್ನವೀರನತ್ತ ನೋಡಿ, ದೀಪದ ಪೆಟ್ಟಿಗೆಯನ್ನು ಮೆಲ್ಲಗೆ ಸವರಿದರು.

ಒಂದೂ ಎರಡು. ಆ ಬಾಗುವಿಕೆಯನ್ನು ತಾನು ಎಲ್ಲೋ ಕಂಡಿದ್ದೇನಲ್ಲ ಎಂದುಕೊಂಡ ಚನ್ನವೀರನಿಗೆ ಬೆಳಗಿನ ಗುಡಿ, ದೋಣಿಯಂಥ ಬೂಟು, ಮೂರು ಸಲದ ಪ್ರಸಾದ ಎಲ್ಲ ಕಣ್ಮುಂದೆ ಬಂತು. ಅಯ್ಯೋ ಇವನ, ಈ ಮನುಷ್ಯ ಇದನ್ನು ಪೂಜೆ ಅಂತ ತಿಳಿದಾನ! ಅರ್ಧಕ್ಕೆ ಪೂಜೆ ಬಿಟ್ಟು ಯಾರು ಎದ್ದಾರು? ಪೂಜೆ ಮುಗಿಯಬೇಕಾದರೆ ಮಂಗಳಾರತಿ ಆಗಬೇಕು.

ಉದ್ಘಾಟನೆಗೆ ಒಡೆದ ತೆಂಗಿನಕಾಯಿ ವೇದಿಕೆಯ ಮೂಲೆಯಲ್ಲೇ ಇತ್ತು. ಚನ್ನವೀರ ಚಹಾದ ತಟ್ಟೆಗೆ ನಾಲ್ಕು ಚೂರು ಕಾಯಿ, ಸಕ್ಕರೆ ಡಬ್ಬಿಯಿಂದ ಒಂದು ಹಿಡಿ ಸಕ್ಕರೆ ಹಾಕಿದ. ತಟ್ಟೆ ಬಲಗೈಗೆ ಬಂತು, ಗಂಟೆ ಎಡಗೈಗೆ. ಬಿಡದೆ ಬಾರಿಸುತ್ತ ವೇದಿಕೆ ಹತ್ತಿದ. ಣಣಣಣಣ!

ಲಾಸ್ಲೋ ಮಾತು ನುಂಗಿಕೊಂಡರು. ಸಭಿಕರೂ ಎದ್ದು ನಿಂತರು. ಮಂಗಳಾರತಿಯ ಗಂಟೆಗೆ ಕೂತಿರುವ ಕಾಲು ಆ ಸಭೆಯಲ್ಲಿ ಒಂದೂ ಇರಲಿಲ್ಲ, ನಾಸ್ತಿಕವಾದ ಓದಲು ಬಂದವರದೂ ಇಲ್ಲ. ಮಧುಕರರಾವ್ ಎಚ್ಚೆತ್ತು, ಕಣ್ಮುಚ್ಚಿಯೇ ಎರಡು ಕೈಯಿಂದ ತಾಳ ಹಾಕಿದರು. ಚನ್ನವೀರ ಗಂಟೆ ನಿಲ್ಲಿಸಿ ತಟ್ಟೆ ಮುಂದೆ ಹಿಡಿದ. ಲಾಸ್ಲೋ ಬಲಗೈಯೊಡ್ಡಿ ಕಾಯಿಸಕ್ಕರೆ ತಗೊಂಡು, ತುಟಿಪಿಟಕ್ಕೆನ್ನದೆ ಬಾಯಿಗೆ ಹಾಕಿಕೊಂಡು, ಪಕ್ಕಕ್ಕೆ ಸರಿದು ಹಿಂದಿನವರಿಗೆ ಜಾಗ ಬಿಟ್ಟರು. ಹಿಂದಿನವರು ಸಾಲು ಹಚ್ಚಿದರು. ಪ್ರಸಾದದ ಸಾಲು ತಿರುಗಿ ತಿರುಗಿ ನೇರ ಊಟದ ಕೋಣೆಗೇ ಹೋಯಿತು.

ಗೋಡೆಯ ಗಡಿಯಾರದಲ್ಲಿ ಒಂದೂ ನಾಲ್ಕು.

ಊಟದಲ್ಲಿ ಲಾಸ್ಲೋ ನೀಲಿಮಾಳ ಮುಂದೆ ಗದ್ಗದಿತರಾದರು. ನಲವತ್ತು ವರ್ಷದಲ್ಲಿ ತಮ್ಮ ಪ್ರಬಂಧವನ್ನು ಇಷ್ಟು ಭಕ್ತಿಯಿಂದ ಕೇಳಿದವರಿಲ್ಲ, ಎಲ್ಲರೂ ಎದ್ದೇ ನಿಂತರು ಎಂದರು. ನೀಲಿಮಾ ನಿಜ ಹೇಳಲು ಬಾಯಿ ತೆರೆದಳು, ಅವರ ಮುಖ ನೋಡಿ ಅದಕ್ಕೆ ಶ್ರೀಖಂಡ ತುಂಬಿಕೊಂಡಳು.

ಬಿಂದುಮಾಧವರಾಯರು ಕೈತೊಳೆದು ಚನ್ನವೀರನ ಹತ್ತಿರ ಬಂದರು. ಬಗಲಲ್ಲಿ ಆ ಪೆಟ್ಟಿಗೆ ಇನ್ನೂ ಇತ್ತು.

"ಗೆದ್ದಿ ಬಿಡಪಾ, ಗಂಟಿ ನಿಂದ. ಆದ್ರ ನಾಳೆ ಇನ್ನೂ ನಾಕು ಮಂದಿ ಹಂಗೇರಿಯವ್ರು ಮಾತಾಡೋರಿದ್ದಾರ. ನಿನಗೂ ಐವತ್ತೆಂಟು ಆತು. ಈ ದೀಪಾನೂ ಬಾಜೂಕ ಇರ್ಲಿ, ಸಹಾಯ ಆಗ್ತದ."

"ಹೌದ್ರಿ ಕಾಕಾ," ಎಂದಳು ನೀಲಿಮಾ, "ದೀಪದ ಬಟನ್ ನಾ ಒತ್ತೀನಿ. ಕಾಯಿನೂ ನಾನ ಒಡದು ಕೊಡ್ತೀನಿ."

ಚನ್ನವೀರ ಗಂಟೆಯನ್ನು ಅಂಗಿಯ ಚುಂಗಿನಿಂದ ಒರೆಸಿ, ಕಂಕುಳಿಗೆ ಸೇರಿಸಿದ.

"ಬ್ಯಾಡ್ರೀ ಸಾಹೇಬ್ರ, ಬ್ಯಾಡವ್ವ ತಂಗಿ. ಓದಿದ ಮಂದಿ ದೇವ್ರ ಮಾತು ಬಂದ್ರ ಕಣ್ಣ ಮುಚ್ಕೋತಾರ, ಮುಚ್ಚಿದ ಕಣ್ಣಿಗೆ ಕೆಂಪೇನು, ಹಸರೇನು? ಕಿವಿಗೆ ರೆಪ್ಪಿ ಇಲ್ರಿ, ಅದಕ್ಕ ನಮ್ಮ ಮನಿತನ ಇಲ್ಲೀತನಾ ನಡದೈತಿ. ನಮ್ಮಪ್ಪ ಬಾಸಿಂಗ ಕಟಗೊಂಡು ಒಬ್ಬನ ಭೋಂಗಾ ಊದ್ಸಿ ಬಂದಾಂವ. ನಾ ನಾಕು ಮಂದಿ ಪಂಡಿತರ್ನ ಊಟಕ್ಕ ಎಬ್ಬಸಾಕ ಆಳು ಹಚ್ಚಲೇನು? ಗಂಟಿನೂ ನಾನ ಬಾರಸ್ತೀನಿ, ಕಾಯಿನೂ ನಾನ ಒಡೀತೀನಿ. ನೀವು ಸುಮ್ನ ಊಟಕ್ಕ ಏಳ್ರಿ, ಅಷ್ಟ ಸಾಕು."