ಅಮ್ಮನ ಪಾಲಿನ ಮೊಟ್ಟೆ

ಆಗೆಲ್ಲ ಕಾಪುವಿನ ನಮ್ಮ ಮನೆಯಲ್ಲಿ ಜ್ವರವೆಂದರೆ ಗಂಜಿ. ಜೊತೆಗೆ ಒಂದು ಮಾವಿನ ಮಿಡಿ, ಮೇಲೊಂದು ಕಂಬಳಿ. ಆದರೆ ಚಿಕೂನ್‌ಗುನ್ಯಾ ಬಂದ ಆ ಮಳೆಗಾಲದ ಜ್ವರ ಗಂಜಿಗೆ ಬಗ್ಗಲಿಲ್ಲ.

ಮೊದಲು ನಾನು ಮಲಗಿದೆ, ಹಿಂದೆಯೇ ಅಮ್ಮ. ಕೀಲುಕೀಲೂ ಹಿಡಿದುಕೊಂಡು ಅವಳ ಬೆರಳು ಮಡಚುತ್ತಿರಲಿಲ್ಲ. ಜ್ವರ ಬಿಟ್ಟ ಮೇಲೂ ನನ್ನ ಕಾಲು ಬಡಕಲಾಗಿ ನಡುಗುತ್ತಿತ್ತು. ಅಪ್ಪ ಮಲ್ಪೆಯ ಬೋಟಿನಲ್ಲಿ ದುಡಿಯುವವರು. ಮಳೆಗಾಲದಲ್ಲಿ ಬೋಟು ಕಡಲಿಗಿಳಿಯದ್ದರಿಂದ ಮನೆಯಲ್ಲೇ ಇದ್ದರು. ನಮ್ಮಿಬ್ಬರನ್ನೂ ರಿಕ್ಷಾ ಹತ್ತಿಸಿ ಡಾಕ್ಟರ ಬಳಿ ಕರೆದೊಯ್ದರು.

"ಊಟಕ್ಕೆ ಎಂತ ಕೊಡ್ತೀರಿ?" ಡಾಕ್ಟರು ಕೇಳಿದರು.

"ಗಂಜಿ."

"ಬರೀ ಗಂಜಿಯಾ? ವೈರಸ್ ಜೊತೆ ಹೋರಾಡ್ಲಿಕ್ಕೆ ದೇಹಕ್ಕೆ ಪ್ರೋಟೀನ್ ಹೆಚ್ಚು ಬೇಕು ಮಾರಾಯ್ರೆ. ಊಟದಲ್ಲಿ ಸಿಗದಿದ್ರೆ ಕೈಕಾಲಿನ ಮಾಂಸವನ್ನೇ ಕರಗಿಸ್ತದೆ. ಮೊಟ್ಟೆ, ಮೀನು, ಹೆಸರುಕಾಳು ಕೊಡಿ. ಇಬ್ಬರಿಗೂ."

ಒಲೆಯ ಹತ್ತಿರ ಸುಳಿಯದ ಅಪ್ಪ ಅಂದು ಹೆಸರುಕಾಳು ಬೇಯಿಸಿದರು. ತಳ ಹಿಡಿದ ವಾಸನೆ ಮನೆಯೆಲ್ಲ ತುಂಬಿತು. ಪಕ್ಕದ ಮನೆಯ ಸಿಸಿಲಿಯಾ ಬಾಯಮ್ಮ ಬೇಲಿಯಾಚೆಯಿಂದ ಕೂಗಿದರು, "ಅಲ್ಲಿ ಎಂತ ಸುಡ್ತಾ ಉಂಟು?" ವಿಷಯ ತಿಳಿದ ಮರುದಿನದಿಂದ ಅವರ ಕೋಳಿಗಳ ಮೊಟ್ಟೆಗಳು ಇನ್ನೂ ಬೆಚ್ಚಗಿರುವಾಗಲೇ ನಮ್ಮ ಮನೆಗೆ ಬರತೊಡಗಿದವು.

ಕೆಲವೇ ದಿನಗಳಲ್ಲಿ ನಾನು ಜಗಲಿಯಲ್ಲಿ ಕುಂಟಾಬಿಲ್ಲೆ ಆಡುವಷ್ಟಾದೆ. ಅಮ್ಮ ಮಾತ್ರ ಸೊರಗುತ್ತಲೇ ಹೋದಳು. ಒಂದು ಬೆಳಿಗ್ಗೆ ಬಾವಿಕಟ್ಟೆಯ ಬಳಿ ಕುಸಿದುಬಿಟ್ಟಳು. ಅಪ್ಪ ಎತ್ತಿ ತಂದು ಮಲಗಿಸಿ, ನನ್ನತ್ತ ತಿರುಗಿದರು.

"ಅಮ್ಮ ಮೊಟ್ಟೆ ತಿನ್ತಾಳಾ?"

"ಇಲ್ಲ. ನಂಗೆ ಕೊಡ್ತಾಳೆ."

"ಬೆಳೆಯುವ ಮಗು ಅಲ್ವಾ," ಅಮ್ಮ ಮೆಲ್ಲಗೆ ಹೇಳಿದಳು. "ನನಗೆ ಗಂಜಿ ಸಾಕು."

"ತಾಯಿ ಯಾರು, ಮಗು ಯಾರು ಅಂತ ಜ್ವರಕ್ಕೆ ಗೊತ್ತುಂಟಾ?" ಅಪ್ಪ ಕೇಳಿದರು. ಮೊಟ್ಟೆ ಸುಲಿದು, ಚೂರು ಮಾಡಿ, ಒಂದೊಂದಾಗಿ ಅವಳ ಬಾಯಿಗಿಟ್ಟರು. ಅಮ್ಮ ನನ್ನ ಮುಖ ನೋಡಿ ನಾಚುತ್ತ ನುಂಗಿದಳು. ಅಂದಿನಿಂದ ಮೊದಲು ಅವಳ ಊಟ, ಆಮೇಲೆ ನಮ್ಮದು. ಅಪ್ಪ ಮತ್ತೆ ಬೋಟು ಹತ್ತುವ ಹೊತ್ತಿಗೆ ಅಮ್ಮ ತಾನೇ ನೀರು ಸೇದುತ್ತಿದ್ದಳು.

ಈಗ ನಾನಿರುವುದು ಮಣಿಪಾಲದ ಫ್ಲ್ಯಾಟಿನಲ್ಲಿ. ಕಳೆದ ಮಳೆಗಾಲ ಮಗನಿಗೆ ಡೆಂಗ್ಯೂ ಬಂತು. ಬೇಕಾದದ್ದನ್ನೆಲ್ಲ ಫೋನಿನಲ್ಲೇ ತರಿಸಿ ಬೇಯಿಸಿ ಹಾಕಿದೆ, ಚೇತರಿಸಿಕೊಂಡ. ಆಮೇಲೊಂದು ದಿನ ಲಿಫ್ಟಿನಲ್ಲಿ ಎದುರು ಮನೆಯಾಕೆ ಗೋಡೆಗೊರಗಿ ನಿಂತಿದ್ದರು. ಗುರುತೇ ಸಿಗದಷ್ಟು ಇಳಿದುಹೋಗಿದ್ದರು.

"ಎಂತಾಯ್ತು?" ಎಂದೆ.

"ಡೆಂಗ್ಯೂ ಬಂದಿತ್ತು. ಈಗ ಅಡ್ಡಿಯಿಲ್ಲ."

ಒಂದೇ ಜ್ವರ ಎದುರುಬದುರಿನ ಎರಡು ಮನೆಗಳಲ್ಲಿ ವಾರಗಟ್ಟಲೆ ಮಲಗಿತ್ತು. ನಮಗೆ ಅವರದು ತಿಳಿಯಲಿಲ್ಲ, ಅವರಿಗೆ ನಮ್ಮದು.