ಮೊದಲ ಗುಂಡು ಖಿಯಾಲ್ ಮೀರನದು

ಬಂದೂಕು ಮಾಡುವವರ ಊರಾದ ದರ್ರಾದ ಬಜಾರಿನಲ್ಲಿ ಗುಂಡಿನ ಸದ್ದಿಗೆ ಯಾರೂ ತಲೆ ಎತ್ತುವುದಿಲ್ಲ. ಚಹಾ ಸುರಿಯುವವನ ಕೈ ನಡುಗುವುದಿಲ್ಲ, ಕೊಹಾಟ್ ಬಸ್ಸಿನ ಕಂಡಕ್ಟರು ಕೂಗು ನಿಲ್ಲಿಸುವುದಿಲ್ಲ, ರಸ್ತೆ ಬದಿಯ ನಾಯಿ ಕೂಡ ಮಲಗಿದಲ್ಲಿಂದ ಏಳುವುದಿಲ್ಲ. ಖಿಯಾಲ್ ಮೀರ್ ಹಾರಿಸಿದ ಗುಂಡಿನ ಮಾತೇ ಬೇರೆ. ಆ ಸದ್ದು ಕೇಳಿದರೆ ಓಣಿಯಲ್ಲಿ ಪಿಸ್ತೂಲು ಮಾಡುವವರೆಲ್ಲ ಅರ ಉಜ್ಜುವುದನ್ನು ನಿಲ್ಲಿಸಿ, ಅವನ ಬಾಯಿಂದ ಮುಂದೆ ಮಾತು ಬರುತ್ತದೋ ಇಲ್ಲವೋ ಎಂದು ಕಿವಿ ನಿಮಿರಿಸುತ್ತಿದ್ದರು.

ಅವನ ಕಸುಬು ಅದೇ. ಪಿಸ್ತೂಲು ಯಾರೇ ಮಾಡಲಿ, ಮೊದಲ ಗುಂಡು ಅವನದು. ಅಂಗಡಿಯ ಹಿಂದಿನ ಬೋಳು ಗುಡ್ಡಕ್ಕೆ ಹಾರಿಸುತ್ತಿದ್ದ, ಹೊರಬಿದ್ದ ಖಾಲಿ ತೋಟಾವನ್ನು ಹೆಕ್ಕಿ ಬೆರಳ ನಡುವೆ ಹೊರಳಿಸುತ್ತಿದ್ದ, ನಳಿಗೆ ಬಿಚ್ಚಿ ಬಿಸಿಲಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. ಚೆನ್ನಾಗಿದ್ದರೆ ಎರಡೇ ಮಾತು: “ಮನಿಗೆ ಒಯ್ಯಿ.” ಚೆನ್ನಾಗಿಲ್ಲದಿದ್ದರೆ ಅದೂ ಇಲ್ಲ. ಮುಂದೆ ಹಾಸಿದ ಎಣ್ಣೆಬಟ್ಟೆಯ ಮೇಲೆ ಪಿಸ್ತೂಲನ್ನಿಟ್ಟು, ಹೆಣದ ಮುಖ ಮುಚ್ಚುವ ಹಾಗೆ ಬಟ್ಟೆಯ ಅಂಚನ್ನು ಅದರ ಮೇಲೆ ಮಡಚುತ್ತಿದ್ದ. ಆಮೇಲೆ ಮಾಡಿದವನು ಆಣೆ ಹಾಕಲಿ, ಅಪ್ಪ ಅಜ್ಜನ ಹೆಸರೆತ್ತಲಿ, ಪ್ರಯೋಜನವಿರಲಿಲ್ಲ. ಸ್ವಂತ ಮಾವ ಮಾಡಿದ ಪಿಸ್ತೂಲಿಗೇ ಹೀಗೆ ಬಟ್ಟೆ ಮುಚ್ಚಿ, ನಾದಿನಿಯ ಮದುವೆಯೂಟ ಕಳೆದುಕೊಂಡ ಗಿರಾಕಿ ಅವನು. ಇಂಥವರ ಜೊತೆ ಬಾಳುವುದು ಕಷ್ಟ. ಆದರೆ ನಾಳೆ ತನ್ನ ಕೈಯಲ್ಲೇ ಸಿಡಿಯಬಹುದಾದ ಕಬ್ಬಿಣ ಕೊಳ್ಳುವಾಗ ಯಾರಿಗಾದರೂ ಇಂಥವನೇ ಬೇಕು.

ಅವನಿಗೆ ಒಬ್ಬನೇ ಮಗ, ಅಸಲ್ ಖಾನ್. ಕೆಟ್ಟವನಲ್ಲ, ದುಡುಕ. ದುಡುಕಿದರೆ ಬೇರೆ ಕಡೆ ಪೆಟ್ಟು ಬೀಳುತ್ತವೆ, ನಮ್ಮ ಕಣಿವೆಯಲ್ಲಿ ಹೆಣ ಬೀಳುತ್ತದೆ. ಹೊಲದ ನಡುವಿನ ಗೋಡೆಯೊಂದು ಯಾರ ಕಡೆಗೆ ಸರಿದಿದೆ ಎಂಬ ಜಗಳದಲ್ಲಿ ಅವನು ಪಕ್ಕದ ಹೊಲದ ಸನೋಬರ್ ಖಾನನ ತಮ್ಮನನ್ನು ಗುಂಡಿಕ್ಕಿ ಕೊಂದ. ಆ ಗೋಡೆ ಈಗ ಬಿದ್ದೇ ಹೋಗಿದೆ, ಯಾರೂ ಎತ್ತಿ ಕಟ್ಟಿಲ್ಲ. ಅಸಲ್ ಖಾನ್ ಮೇಲಿನ ಬೆಟ್ಟಗಳಲ್ಲಿ ಸೋದರಮಾವಂದಿರ ಹತ್ತಿರ ಅಡಗಿ ಕೂತ. ಊರ ಹಿರಿಯರ ಜಿರ್ಗಾ ರಾಜಿಗೆಂದು ಸನೋಬರನ ಬಾಗಿಲಿಗೆ ಹೋಗಿ ಬರಿಗೈಯಲ್ಲಿ ವಾಪಸಾಯಿತು.

ಹೀಗಿರುವಾಗ ಒಂದು ದಿನ ಸನೋಬರ್ ಖಾನ್ ತಾನೇ ಖಿಯಾಲ್ ಮೀರನ ಅಂಗಡಿಗೆ ಬಂದ. ಬಜಾರಿನೊಳಗೆ ಯಾರೂ ಯಾರ ಮೇಲೂ ಹಗೆ ತೀರಿಸುವಂತಿಲ್ಲ, ಹಾಗಾಗಿ ಬರುವುದಕ್ಕೆ ಅಡ್ಡಿಯಿರಲಿಲ್ಲ. ಆದರೂ ಓಣಿಯ ಅರಗಳೆಲ್ಲ ನಿಂತವು.

“ದಣಿವು ಬರದಿರ್ಲಿ, ಕಾಕಾ,” ಎಂದು ನಮ್ಮ ಕಡೆಯ ರೂಢಿಯಂತೆ ವಂದಿಸಿದ.

“ನಿನಗೂ ಬರದಿರ್ಲಿ, ಖಾನ್. ಕೂಡು.”

ಸನೋಬರ್ ಹೊರಸಿನ ಅಂಚಿಗೆ ಕೂತು, ಸೊಂಟದಿಂದ ಹೊಸ ಪಿಸ್ತೂಲು ತೆಗೆದು ಎಣ್ಣೆಬಟ್ಟೆಯ ಮೇಲಿಟ್ಟ. ನಮ್ಮ ಓಣಿಯದೇ, ತರ್ಟಿ ಬೋರ್ ಎನ್ನುವ ಸಣ್ಣ ನಳಿಗೆಯದು. “ಇದನ್ನ ನೋಡಬೇಕ್ರಿ.”

“ಓಣಿಯಾಗ ನೋಡಾವ್ರು ಬ್ಯಾರೆಯವ್ರೂ ಅದಾರಲ್ಲಪಾ.”

“ಅದಾರ. ಒಬ್ಬ ಚಹಾ ಕುಡಿಸಿದ್ರ ಕೊಡಲೀನೂ ಪಿಸ್ತೂಲು ಅಂತಾನ, ಇನ್ನೊಬ್ಬನ ಕಣ್ಣಾಗ ಪೊರಿ ಬಂದೈತಿ.” ಯಾರೋ ಕಿಸಕ್ಕನೆ ನಕ್ಕು ಸುಮ್ಮನಾದರು. ಸನೋಬರ್ ನಗಲಿಲ್ಲ. “ಇದು ಯಾವ ಕೆಲಸಕ್ಕಂತ ನಿಮಗ ಗೊತ್ತೈತಿ, ಕಾಕಾ.”

“ಗೊತ್ತೈತಿ.”

“ಆ ಹೊತ್ತಿಗೆ ಇದು ಕೈ ಕೊಡಬಾರ್ದು. ಮಗನ ಸಲುವಾಗಿ ಸುಳ್ಳು ಹೇಳ್ತೀರೇನು?”

“ಪಿಸ್ತೂಲಿನ ವಿಷಯದಾಗ ನಾ ಸುಳ್ಳು ಹೇಳಿದ್ದು ಎಂದರ ಕೇಳೀಯೇನು?”

“ಇಲ್ಲ. ಅದಕ್ಕ ಬಂದೀನಿ.”

ಅವನು ಬಂದದ್ದು ನಂಬಿಕೆಯಿಂದಲೋ, ಮುದುಕನ ಕರುಳು ಹಿಂಡಲಿಕ್ಕೋ? ಎರಡೂ ಇತ್ತೆಂದೇ ನನ್ನ ಲೆಕ್ಕ. ತಮ್ಮನನ್ನು ಮಣ್ಣಿಗಿಟ್ಟವನ ಎದೆಯಲ್ಲಿ ಏನೇನಿರುತ್ತದೆ ಎಂದು ದೂರ ಕೂತವರು ಹೇಳಲಾಗದು.

ಸನೋಬರ್ ಜೇಬಿನಿಂದ ಮೇಣಕಾಗದದ ಪೊಟ್ಟಣ ತೆಗೆದ. “ತೋಟಾ ಇವು. ಇವನ್ನ ಹಾಕಿ ನೋಡ್ರಿ.”

ಗಡಿಯಾಚೆಯ ಯುದ್ಧದಿಂದ ಹರಿದುಬಂದ ತೋಟಾಗಳು. ನೋಡಲಿಕ್ಕೆ ನಮ್ಮೂರ ತೋಟಾದ ಹಾಗೇ, ಅದೇ ಉದ್ದ, ಅದೇ ಸಣ್ಣ ಗುಂಡು. ಒಳಗಿನ ಮದ್ದು ಮಾತ್ರ ಸೈನಿಕರ ಮಷಿನ್‌ಗನ್ನಿಗೆಂದು ತುಂಬಿದ್ದು. ಅಷ್ಟು ಸಣ್ಣ ಗುಂಡಿಗೆ ಅಷ್ಟು ವೇಗ ಕೊಟ್ಟರೆ ಅದು ಬಾಗಿಲು, ಬಾಗಿಲ ಹಿಂದಿನ ಹಾಸಿಗೆ ಸುರುಳಿ, ಸುರುಳಿಯ ಹಿಂದಿನ ಮನುಷ್ಯ ಎಂದು ಬೇರೆಬೇರೆ ಎಣಿಸುವುದಿಲ್ಲ. ಎಲ್ಲವನ್ನೂ ದಾಟಿ ಹೋಗುತ್ತದೆ. ಖಿಯಾಲ್ ಮೀರ್ ಒಂದನ್ನು ತುಂಬಿ ಗುಡ್ಡಕ್ಕೆ ಹಾರಿಸಿದ. ಸದ್ದು ಬೇರೆಯೇ ಇತ್ತು, ಚಾವಟಿಯ ಸೀಳಿನಂತೆ. ಮೊಣಕೈ ತನಕ ಜುಮ್ಮೆಂದಿತು. ಹೆಕ್ಕಿದ ಖಾಲಿ ತೋಟಾ ಬುಡದಲ್ಲಿ ರಕ್ತ ಕುಡಿದ ಉಣ್ಣೆ ಹುಳದ ಹಾಗೆ ಊದಿಕೊಂಡಿತ್ತು.

ಅವನು ಪಿಸ್ತೂಲು ಹಿಡಿದು ಅಂಗಡಿಯ ಒಳಗೆ ಹೋದ. ಬೆಳಕಿಂಡಿಯ ಕೆಳಗೆ ನಳಿಗೆ ಬಿಚ್ಚಿ, ಒಳಗೆ ಸೀಮೆಎಣ್ಣೆ ಸವರಿ, ಹೊರಗನ್ನು ಒಣಗಿಸಿ ಉಜ್ಜಿ, ಮೇಲೆ ಸೀಮೆಸುಣ್ಣದ ಪುಡಿ ಹಚ್ಚಿ ಕಾದ. ಬಿರುಕಿದ್ದರೆ ಎಣ್ಣೆ ಅದರೊಳಗಿಂದ ಜಿನುಗಿ ಸುಣ್ಣವನ್ನು ತೋಯಿಸುತ್ತದೆ. ಸ್ವಲ್ಪ ಹೊತ್ತಿಗೆ ಬಿಳುಪಿನ ಮೇಲೆ, ತೋಟಾ ಕೂರುವ ಜಾಗದಲ್ಲೇ, ಕೂದಲಷ್ಟು ತೆಳ್ಳಗೆ ಕಪ್ಪು ಗೆರೆ ಮೂಡಿತು.

ಮಾಡಿದವನ ತಪ್ಪಲ್ಲ. ಊರ ತೋಟಾ ಹಾಕಿಕೊಂಡಿದ್ದರೆ ಆ ಪಿಸ್ತೂಲು ವರ್ಷಗಟ್ಟಲೆ ಬಾಳುತ್ತಿತ್ತು. ಈ ಹುಚ್ಚು ಮದ್ದಿನ ಒಂದೇ ಏಟಿಗೆ ಅದು ಬಿರುಕು ಬಿಟ್ಟಿತ್ತು. ಇನ್ನೊಂದು ಏಟು ತಡೆದೀತು, ತಡೆಯದೆಯೂ ಹೋದೀತು, ಆಮೇಲೆ ಹಿಡಿದವನ ಕೈಯಲ್ಲೇ ಸಿಡಿಯುತ್ತದೆ. ಖಿಯಾಲ್ ಮೀರ್ ಗೋಡೆಗೆ ಒರಗಿ ನಿಂತ. ಬಟ್ಟೆ ಮುಚ್ಚಿದರೆ ಸನೋಬರ್ ಪಕ್ಕದ ಅಂಗಡಿಗೆ ಹೋಗಿ ಗಟ್ಟಿಯಾದದ್ದನ್ನು ತರುತ್ತಾನೆ. ಅದನ್ನೂ ತಾನೇ ನೋಡಿ ಒಪ್ಪಿಸಬೇಕು. ಅದು ಅಸಲ್‌ನನ್ನು ಕೊಲ್ಲುತ್ತದೆ. ಮುಚ್ಚದಿದ್ದರೆ ಸನೋಬರನ ಕೈ ಹೋಗುತ್ತದೆ, ಬಹುಶಃ ಮುಖವೂ. ಅಸಲ್ ಉಳಿದಾನು.

ಸುಣ್ಣ ಒರೆಸಿ, ನಳಿಗೆ ಕೂರಿಸಿ ಹೊರಗೆ ಬಂದ. ಪಿಸ್ತೂಲನ್ನು ಎರಡು ಕೈಯಲ್ಲಿ ಹಿಡಿದು ಕೊಟ್ಟ.

“ಮನಿಗೆ ಒಯ್ಯಿ.”

ಸನೋಬರ್ ಬಹಳ ಹೊತ್ತು ಅವನ ಮುಖ ನೋಡಿದ. ಆಮೇಲೆ ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿ ಹೋದ. ಓಣಿಯಲ್ಲಿ ಯಾರೋ ಉಸುರಿದರು, “ಎಂಥಾ ಎದಿ ಮಾರಾಯ! ಮಗನ್ನ ಕೊಲ್ಲೋ ಪಿಸ್ತೂಲಿಗೂ ಖರೇನ ಹೇಳಿದ.” ಆ ಹೊಗಳಿಕೆ ಖಿಯಾಲ್ ಮೀರನ ಕಿವಿಗೆ ಕಾಸಿದ ಸೀಸದಂತೆ ಬಿತ್ತು.

ಮನೆಯಲ್ಲಿ ಹೆಂಡತಿ ತೋರ್ಪೇಕೈ ರೊಟ್ಟಿ ಮುರಿದು ಅವನ ಮುಂದಿಟ್ಟಳು. ಅವನು ಮುಟ್ಟಲಿಲ್ಲ. ನಡೆದದ್ದನ್ನು ಹೇಳಿದ.

“ಜಲ್ಮದಾಗ ಒಮ್ಮೆ ಸುಳ್ಳು ಹೇಳೀದಿ, ಅದೂ ಹೊಟ್ಟ್ಯಾಗ ಹುಟ್ಟಿದ ಮಗನ ಸಲುವಾಗಿ,” ಎಂದಳು ಅವಳು. “ಅದಕ್ಯಾಕ ಹೆಣ ಬಿದ್ದ ಮನಿಯಾಗ ಕುಂತಂಗ ಕುಂತೀ?”

“ಅವನ ಕೈ ಹೋಗ್ತೈತಿ. ಕಣ್ಣೂ ಹೋದೀತು.”

“ಹೋಗ್ಲಿ. ನನ್ನ ಮಗನ ತಲಿ ಉಳೀತೈತಿ. ಉಣ್ಣು.”

“ನಂಬಿ ಬಂದಿದ್ದ, ತೋರ್ಪೇಕೈ.”

“ನಿನ್ನ ನಂಬಿಕೀನ ಹಿಟ್ಟಿನ ಡಬ್ಬ್ಯಾಗ ಹಾಕಿಡು, ಬ್ಯಾಸಗ್ಯಾಗ ರೊಟ್ಟಿ ಮಾಡ್ತೀನಿ!” ಎಂದು ತಟ್ಟೆಯನ್ನು ಅವನ ಕಡೆ ತಳ್ಳಿದಳು. ಅವಳನ್ನು ಕಟುಕಿ ಎನ್ನುವವರು ಅನ್ನಲಿ. ಮಗನನ್ನು ಬೆಟ್ಟಕ್ಕೆ ಕಳಿಸಿದಂದಿನಿಂದ ಅವಳು ಬಾಗಿಲಿಗೆ ಬೆನ್ನು ಹಾಕಿ ಕೂತವಳಲ್ಲ.

ಚಳಿಗಾಲವೆಲ್ಲ ಅವನು ಕಾದ. ಸನೋಬರನ ಮನೆಯ ದಿಕ್ಕಿನಿಂದ ಗುಂಡಿನ ಸದ್ದು ಬಂದಾಗಲೆಲ್ಲ ಕೈಯಲ್ಲಿದ್ದ ಅರ ಜಾರುತ್ತಿತ್ತು. ಸಿಡಿದು ಬಿಡಲಿ ಎಂದು ಒಂದು ಮನಸ್ಸು, ಸಿಡಿಯದಿರಲಿ ಎಂದು ಇನ್ನೊಂದು. ಏನೂ ಆಗಲಿಲ್ಲ. ಸನೋಬರ್ ಆ ತೋಟಾಗಳನ್ನು ಒಂದೇ ಒಂದು ಗಳಿಗೆಗೆಂದು ಕಾಪಿಟ್ಟುಕೊಂಡಿದ್ದ. ಅಂಗಡಿಯಲ್ಲಿ ಖಿಯಾಲ್ ಮೀರ್ ಬಟ್ಟೆ ಮುಚ್ಚುವುದು ಹೆಚ್ಚಾಯಿತು, ಚೆನ್ನಾಗಿದ್ದವಕ್ಕೂ ಮುಚ್ಚತೊಡಗಿದ. “ಮುದುಕಗ ಅರಳು ಮರಳು,” ಎಂದು ಮಾಡುವವರು ಗೊಣಗಿದರು.

ಹಿಮ ಕರಗುವ ಹೊತ್ತಿಗೆ ಅವನಿಗೆ ತಡೆಯಲಾಗಲಿಲ್ಲ. ಹಿರಿಯರನ್ನು ಮುಂದಿಟ್ಟುಕೊಂಡು, ಒಂದು ಕುರಿಯನ್ನು ಅಟ್ಟಿಕೊಂಡು, ತಾನೇ ಬಾಯಲ್ಲಿ ಹುಲ್ಲು ಕಚ್ಚಿ ಸನೋಬರನ ಬಾಗಿಲಲ್ಲಿ ಶರಣು ನಿಂತ. ಹಾಗೆ ಬಂದವನನ್ನು ದೂಡುವುದು ಸುಲಭವಲ್ಲ, ಆದರೂ ದೂಡಿದವರಿದ್ದಾರೆ. ಸನೋಬರ್ ಹೊರಗೆ ಬಂದು, ತನ್ನ ಕೈಯಿಂದಲೇ ಆ ಹುಲ್ಲು ತೆಗೆದು ಬಿಸಾಕಿದ.

“ಹಿಂದ ಬಂದ ಜಿರ್ಗಾನ ಬಾಗಲಾಗಿಂದ ಕಳಿಸಿದ್ದೆ,” ಎಂದ ಹಿರಿಯರಿಗೆ. “ಇವತ್ತ ಯಾಕ ಒಪ್ತೀನಿ ಅಂತ ಎಲ್ಲಾರೂ ಕೇಳ್ರಿ. ಈ ಕಾಕಾನ ಮಗನ್ನ ಕೊಲ್ಲಾಕ ಪಿಸ್ತೂಲು ತಗೊಂಡು ಈ ಕಾಕಾನ ಹತ್ರನ ಹೋದೆ. ಒಂದ್ ಮಾತು ಸುಳ್ಳು ಹೇಳಿದ್ರ ನನಗೆ ತಿಳೀತಿದ್ದಿಲ್ಲ. ಹೇಳ್ಲಿಲ್ಲ. ಆ ಪಿಸ್ತೂಲು ಕೈಗೆ ತಗೊಂಡಾಗೆಲ್ಲ ಈ ಮುಖ ಕಣ್ಮುಂದ ಬರ್ತಿತ್ತು. ಇಂಥಾ ಮನಿ ಜೋಡಿ ನನಗ ಹಗಿ ಬ್ಯಾಡ.”

ಹಿರಿಯರು ಗಡ್ಡ ನೀವಿಕೊಂಡು “ವಾಹ್” ಎಂದರು. ಖಿಯಾಲ್ ಮೀರನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಬಾಯಿಬಿಟ್ಟು ನಿಜ ಹೇಳಿದರೆ ಆ ಅಂಗಳದಲ್ಲೇ ರಾಜಿ ಸಾಯುತ್ತಿತ್ತು, ಅದರ ಹಿಂದೆ ಅಸಲ್.

ಅಸಲ್ ಖಾನ್ ಬೆಟ್ಟದಿಂದ ಇಳಿದು ಬಂದ. ಸನೋಬರನ ಅಂಗಳದಲ್ಲಿ ಊಟವಾಯಿತು, ಡೋಲು ಬಂತು, ಮಾಳಿಗೆಯ ಮೇಲೆ ಹೆಂಗಸರು ಗುಂಪುಗೂಡಿದರು. ಹಗೆ ಬಿಟ್ಟವನು ಹಗೆಯ ಆಯುಧವನ್ನೂ ಬಿಟ್ಟುಕೊಡುವುದು ದೊಡ್ಡತನ. ಸನೋಬರ್ ಎಲ್ಲರೆದುರು ಆ ಪಿಸ್ತೂಲನ್ನು, ಆ ಪೊಟ್ಟಣದ ತೋಟಾ ತುಂಬಿಸಿ, ಅಸಲ್‌ನ ಕೈಗಿಟ್ಟ.

“ನಿನ್ನ ಸಲುವಾಗಿ ತಂದಿದ್ದು, ನಿನಗ ಸೇರ್ಲಿ. ನಿಮ್ಮಪ್ಪ ನೋಡಿ ಕೊಟ್ಟಾನ. ಹಾರಸು!”

ಅಸಲ್ ನಕ್ಕು ಕೈ ಮೇಲೆತ್ತಿದ. ಅಪ್ಪ ನೆಲಕ್ಕೆ ಹಾಸಿದ್ದ ಊಟದ ಬಟ್ಟೆ ತುಳಿದುಕೊಂಡು ಬಂದು ಅವನ ಮಣಿಕಟ್ಟು ಹಿಡಿದ.

“ತಾ ಇಲ್ಲೆ. ಮೊದಲ ಗುಂಡು ನಂದು.”

“ನೀ ಆಗ್ಲೇ ನೋಡೀಯಲ್ಲ, ಬಾಬಾ?”

“ನಮ್ಮ ಮನಿಗೆ ಬರೂದು ಇವತ್ತ. ತಾ ಅಂದ್ನಲ್ಲ!”

ಜನ ನಕ್ಕರು. “ಮುದುಕ ಕಸುಬು ಬಿಡೂದಿಲ್ಲ ನೋಡು!” ಎಂದು ಯಾರೋ ಕೂಗಿದರು. ಖಿಯಾಲ್ ಮೀರ್ ಅವರಿಂದ ದೂರ, ಗೋಡೆಯ ಮೂಲೆಗೆ ಹೋದ. ಹಾರಿಸದೆ ಜೇಬಿಗಿಳಿಸಿದರೆ ಕೊಟ್ಟವನಿಗೆ ಅವಮಾನ. ಮಗನಿಗೆ ಬೆನ್ನು ಮಾಡಿ, ತೋಳು ಚಾಚಿ ಆಕಾಶಕ್ಕೆ ಹಾರಿಸಿದ. ನಳಿಗೆ ತಡೆಯಿತು. ಡೋಲು ಜೋರಾಯಿತು. ಆದರೆ ನಮ್ಮಲ್ಲಿ ಒಂಟಿ ಗುಂಡು ಸಾವಿನ ಸುದ್ದಿಗೆ ಮಾತ್ರ. ಸಂತೋಷಕ್ಕೆ ಹಾರಿಸಿದವನು ಒಂದಕ್ಕೇ ನಿಲ್ಲಿಸುವ ಹಾಗಿಲ್ಲ. “ಇನ್ನೊಂದು!” ಎಂದು ಅಂಗಳವೆಲ್ಲ ಕೂಗಿತು. ಅಸಲ್ ಕೈಚಾಚಿ ಹತ್ತಿರ ಬರುತ್ತಿದ್ದುದನ್ನು ಅವನು ಓರೆಗಣ್ಣಿನಿಂದ ಕಂಡ. ಕಂಡವನೇ ಟ್ರಿಗರ್ ಒತ್ತಿದ.

ಸದ್ದು ಕೇಳಿದವರಿಗೆ ಅದು ಗುಂಡಿನದಲ್ಲವೆಂದು ಕೂಡಲೇ ತಿಳಿಯಿತು. ಹೊಗೆ ಸರಿದಾಗ ಖಿಯಾಲ್ ಮೀರ್ ಗೋಡೆಗೆ ಒರಗಿ ಕೂತಿದ್ದ. ಬಲಗೈಯಲ್ಲಿ ಹೆಬ್ಬೆರಳಿರಲಿಲ್ಲ, ಬಲಗಣ್ಣಿದ್ದ ಜಾಗದಿಂದ ರಕ್ತ ಗಡ್ಡಕ್ಕೆ ಇಳಿಯುತ್ತಿತ್ತು. ಮಾಳಿಗೆಯಿಂದ ತೋರ್ಪೇಕೈಯ ಚೀತ್ಕಾರ ಕೇಳಿಸಿತು. ಅಲ್ಲಿದ್ದವರಲ್ಲಿ ಏನಾಯಿತೆಂದು ಪೂರ್ತಿ ಅರ್ಥವಾದದ್ದು ಅವಳೊಬ್ಬಳಿಗೆ.

ಅವಳಷ್ಟೇ ಅಲ್ಲ. ಸನೋಬರ್ ಕಾಲಬಳಿ ಬಿದ್ದ ನಳಿಗೆಯ ಚೂರನ್ನು ಎತ್ತಿಕೊಂಡ. ಒಡೆದ ಅಂಚು ಹೊಸ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು, ಒಂದು ಕಡೆ ಮಾತ್ರ ಮಬ್ಬಾಗಿತ್ತು. ಆ ಮಬ್ಬಿನ ಮೇಲೆ, ಹಳೆಯ ಬಿರುಕಿನೊಳಗೆ, ಸೀಮೆಸುಣ್ಣದ ಬಿಳುಪು ಕೂತಿತ್ತು. ಒರೆಸಿದ ಬಟ್ಟೆ ಅಷ್ಟು ಒಳಕ್ಕೆ ಹೋಗುವುದಿಲ್ಲ. ಬಿರುಕು ಹುಡುಕಲು ಸುಣ್ಣ ಹಚ್ಚುತ್ತಾರೆಂದು ದರ್ರಾದಲ್ಲಿ ಹುಟ್ಟಿದವರಿಗೆಲ್ಲ ಗೊತ್ತು. ಅವನು ಅದನ್ನು ಹೆಬ್ಬೆರಳಲ್ಲಿ ಉಜ್ಜಿ, ಬಿಳಿಯಾದ ಬೆರಳನ್ನು ನೋಡಿದ. ಸುತ್ತ ನಿಂತವರು ಆಗಲೇ ಪಿಸುಗುಟ್ಟುತ್ತಿದ್ದರು. ಅಸಲ್ ಅಪ್ಪನನ್ನು ಬಿಟ್ಟೆದ್ದು ಸನೋಬರನನ್ನು ದುರುಗುಟ್ಟಿ ನೋಡುತ್ತಿದ್ದ.

“ತೋಟಾ ನಂದು,” ಎಂದ ಸನೋಬರ್ ಎಲ್ಲರಿಗೂ ಕೇಳುವಂತೆ. “ಕೆಟ್ಟ ತೋಟಾ ತಂದಿದ್ದೆ. ತಪ್ಪು ನಂದು. ಕಾಕಾನ ನನ್ನ ಜೀಪಿನಾಗ ಮಲಗಸ್ರಿ, ಕೊಹಾಟ್ ಆಸ್ಪತ್ರಿಗೆ ನಾನ ಒಯ್ತೀನಿ.” ಚೂರನ್ನು ಜೇಬಿಗೆ ಹಾಕಿಕೊಂಡ.

ಬೇಸಗೆಯಲ್ಲಿ ಖಿಯಾಲ್ ಮೀರ್ ಮತ್ತೆ ಅಂಗಡಿಗೆ ಬಂದು ಕೂತ. ಮಾಡುವವರು ಗೌರವಕ್ಕೆಂದು ಪಿಸ್ತೂಲು ತಂದು ಕೊಡುತ್ತಿದ್ದರು, ಅವನು ಎಡಗೈಯಲ್ಲಿ ಹಾರಿಸಿ, ಉಳಿದ ಕಣ್ಣಲ್ಲಿ ನೋಡಿ ಏನೋ ಹೇಳುತ್ತಿದ್ದ. ಅಸಲ್ ಖಾನ್ ಹಾಡುಹಗಲಲ್ಲಿ ಸನೋಬರನ ಮನೆಯ ಮುಂದಿನಿಂದಲೇ ಹೊಲಕ್ಕೆ ಹೋಗಿಬರುತ್ತಿದ್ದ. ಅಪ್ಪನ ಹೆಸರು ಎತ್ತಿದಲ್ಲೆಲ್ಲ ಅವನಿಗೆ ಚಹಾ ಸಿಗುತ್ತಿತ್ತು.

ಒಂದು ದಿನ ಸನೋಬರ್ ಅಂಗಡಿಗೆ ಬಂದ. “ದಣಿವು ಬರದಿರ್ಲಿ” ಎನ್ನಲಿಲ್ಲ, ಕೂರಲಿಲ್ಲ.

“ಕೂಡು, ಖಾನ್. ಚಹಾ ಹೇಳ್ತೀನಿ,” ಎಂದ ಖಿಯಾಲ್ ಮೀರ್.

“ಜಿರ್ಗಾದ ಮುಂದ ಮಾತು ಕೊಟ್ಟೀನಿ. ಅದು ನಿಲ್ತೈತಿ. ನಿಮ್ಮ ಮಗ ನಿಶ್ಚಿಂತಿಯಿಂದ ಅಡ್ಡಾಡ್ಲಿ.”

ಅಷ್ಟು ಹೇಳಿ ಸನೋಬರ್ ಜೇಬಿನಿಂದ ನಳಿಗೆಯ ಚೂರು ತೆಗೆದ. ಅದನ್ನು ಎಣ್ಣೆಬಟ್ಟೆಯ ಮೇಲೆ, ಖಿಯಾಲ್ ಮೀರನ ಕೈಯೆದುರಿಗೆ ಇಟ್ಟ. ಬಗ್ಗಿ, ಬಟ್ಟೆಯ ಅಂಚನ್ನು ಅದರ ಮೇಲೆ ಮಡಚಿದ. ಆಮೇಲೆ ಹೊರಟುಹೋದ.

ಓಣಿಯಲ್ಲಿ ಅರಗಳು ನಿಂತಿದ್ದವು. ಖಿಯಾಲ್ ಮೀರ್ ಆ ಮಡಿಕೆ ಬಿಚ್ಚಲಿಲ್ಲ. ಸಂಜೆಯಾದ ಮೇಲೆ ಬಟ್ಟೆಯನ್ನು ಹಾಗೆಯೇ ಸುತ್ತಿ ಕಂಕುಳಲ್ಲಿಟ್ಟು ಮನೆಗೆ ಒಯ್ದ. ಮತ್ತೆ ಯಾರ ಪಿಸ್ತೂಲನ್ನೂ ಮುಟ್ಟಲಿಲ್ಲ.